ಬಾವಿಯ ನೀರಿನಲ್ಲಿ ಔಷಧದ ಕಣ: ಅದನ್ನು ಅಳೆಯುವುದೆಂತು?

ಸಾಸ್ತಾನದ ಯಾವುದಾದರೂ ಮನೆಯ ಬಾವಿಕಟ್ಟೆಯ ಬಳಿ ನಿಂತು ಒಂದು ಕೊಡ ನೀರನ್ನು ಸೇದಿ ನೋಡಿರಿ. ನೀರು ತಿಳಿಯಾಗಿದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮರಳಿನಿಂದಲೂ ಮುರಕಲ್ಲಿನ ಸಂದುಗಳಿಂದಲೂ ಒಸರಿ ಬರುವ ಇಂತಹ ನೀರನ್ನೇ ನಮ್ಮ ಕರಾವಳಿಯ ಜನರು ತಲೆತಲಾಂತರದಿಂದ ಕುಡಿಯುತ್ತ ಬಂದಿರುವರು. ಅದೇ ಹಿತ್ತಿಲಿನಲ್ಲಿ, ಕೆಲವು ಮಾರು ದೂರದಲ್ಲಿ, ಶೌಚಾಲಯದ ಇಂಗುಗುಂಡಿಯೂ ಇರುವುದುಂಟು. ಮನೆಯಲ್ಲಿ ಒಬ್ಬರಿಗೆ ಕಾಯಿಲೆಯಾಗಿ, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ವಾರವಿಡೀ ಸೇವಿಸಿದರೆನ್ನೋಣ. ಆ ಮಾತ್ರೆಯು ಶರೀರದೊಳಗೆ ತನ್ನ ಕೆಲಸವನ್ನು ಮುಗಿಸಿದ ಬಳಿಕ ಎಲ್ಲಿಗೆ ಹೋಗುವುದು? ಅದು ಬಾವಿಗೆ ಬಂದರೆ ನಮಗೆ ತಿಳಿಯುವ ಬಗೆ ಹೇಗೆ? ಕಣ್ಣು, ಮೂಗು, ನಾಲಿಗೆಗಳಿಂದ ಈ ಪ್ರಶ್ನೆಗೆ ಉತ್ತರ ದೊರೆಯದು. ರಸಾಯನಶಾಸ್ತ್ರವೂ ಗಣಿತವೂ ಒಂದಾಗಿ ಕೊಡುವ ಉತ್ತರವನ್ನು ಈ ಲೇಖನದಲ್ಲಿ ಹಂತಹಂತವಾಗಿ ನೋಡೋಣ.

ಮಾತ್ರೆಯು ಸಾಗುವ ದಾರಿ

೧೯೨೮ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ಬೂಷ್ಟಿನಿಂದ ಹೊರಡುವ ಪೆನಿಸಿಲಿನ್ ವಸ್ತುವನ್ನು ಗುರುತಿಸಿದನು. ೧೯೪೩ರಲ್ಲಿ ವಾಕ್ಸ್‌ಮನ್ನನ ಪ್ರಯೋಗಶಾಲೆಯಲ್ಲಿ ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ದೊರಕಿತು. ೧೯೪೮ರಲ್ಲಿ, ನಮ್ಮ ನಾಡಿನವರೇ ಆದ ಯಲ್ಲಾಪ್ರಗಡ ಸುಬ್ಬರಾಯರು ಸಂಶೋಧನೆಯನ್ನು ನಿರ್ದೇಶಿಸುತ್ತಿದ್ದ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಿಂದ ಆರಿಯೊಮೈಸಿನ್ ಹೊರಬಂದಿತು. ಆಂಟಿಬಯೋಟಿಕ್ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತವಾದ ಈ ಪ್ರತಿಜೈವಿಕ ಔಷಧಗಳೂ, ಅವುಗಳಂತೆಯೇ ಬ್ಯಾಕ್ಟೀರಿಯಗಳನ್ನು ತಡೆಯುವ ಸಲ್ಫಾ ಮೊದಲಾದ ಕೃತಕ ಔಷಧಗಳೂ ಕೋಟ್ಯಂತರ ಜನರ ಪ್ರಾಣವನ್ನು ಉಳಿಸಿವೆ.

ಆದರೆ ನುಂಗಿದ ಔಷಧವೆಲ್ಲವೂ ಶರೀರದಲ್ಲಿ ನಾಶವಾಗುವುದಿಲ್ಲ. ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧದ ಸುಮಾರು ಅರ್ಧದಷ್ಟು ಪಾಲು ಮೂತ್ರದೊಡನೆ ಹಾಗೆಯೇ ಹೊರಬೀಳುತ್ತದೆ. ದನಕರುಗಳಿಗೂ ಕೋಳಿಗಳಿಗೂ ಕೊಟ್ಟ ಔಷಧದ ಗತಿಯೂ ಇದೇ. ಹೀಗೆ ಹೊರಬಿದ್ದುದು ಗುಂಡಿಯನ್ನೋ ಚರಂಡಿಯನ್ನೋ ಸೇರುವುದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆಯಾಗುತ್ತದೆ. ಮಳೆಗಾಲದಲ್ಲಿ ಅಂತರ್ಜಲವು ನೆಲದ ಮೇಲ್ಮಟ್ಟದ ಸಮೀಪಕ್ಕೇ ಏರುವುದರಿಂದ ಗುಂಡಿಗೂ ಬಾವಿಗೂ ನಡುವೆ ಉಳಿಯುವ ಒಣಮಣ್ಣಿನ ತಡೆ ಕಡಿಮೆಯಾಗುತ್ತದೆ. ಮುರಕಲ್ಲು ರಂಧ್ರಮಯವಾದ ಕಲ್ಲು. ಅದರ ಬಿರುಕುಗಳಲ್ಲಿ ನೀರು ಬೇಗನೆ ಹರಿಯುವುದು.

ಈ ವಿಷಯವನ್ನು ನಮ್ಮ ನೆರೆಯಲ್ಲಿಯೇ ವಿಜ್ಞಾನಿಗಳು ಕೈಗೆತ್ತಿಕೊಂಡಿರುವರು. ೨೦೧೬ರಲ್ಲಿ ಮಣಿಪಾಲದ ಸಂಶೋಧಕರು ಹೊರದೇಶಗಳ ಸಹೋದ್ಯೋಗಿಗಳೊಡನೆ ಸೇರಿ, ದಕ್ಷಿಣ ಭಾರತದ ನಾಲ್ಕು ಕೊಳಚೆನೀರಿನ ಶುದ್ಧೀಕರಣ ಘಟಕಗಳಲ್ಲಿ ಪ್ರತಿಜೈವಿಕಗಳು ಎಷ್ಟರಮಟ್ಟಿಗೆ ನಿವಾರಣೆಯಾಗುವುವೆಂಬುದನ್ನು ಅಳೆದು ಪ್ರಕಟಿಸಿದರು. ೨೦೨೦ರಲ್ಲಿ ಸ್ವರ್ಣಾ ಮತ್ತು ನೇತ್ರಾವತಿ ನದಿಗಳಲ್ಲಿರುವ ಔಷಧಶೇಷಗಳ ಕುರಿತ ಅಧ್ಯಯನವೂ ಪ್ರಕಟವಾಯಿತು. ಸ್ವರ್ಣೆಯ ನೀರು ಬಜೆ ಅಣೆಕಟ್ಟಿನಿಂದ ಉಡುಪಿಗೂ, ನೇತ್ರಾವತಿಯ ನೀರು ತುಂಬೆಯಿಂದ ಮಂಗಳೂರಿಗೂ ಕುಡಿಯಲು ಒದಗುವುದೆಂಬುದನ್ನು ನೆನೆದರೆ ಇಂತಹ ಅಧ್ಯಯನದ ಮಹತ್ವವು ತಿಳಿಯುವುದು. ಇದೇ ಸ್ವರ್ಣಾ ನದಿಯು ಸಾಸ್ತಾನದ ಸಮೀಪದಲ್ಲಿ ಹರಿಯುವ ಸೀತಾ ನದಿಯೊಡನೆ ಕೂಡಿ ಕೋಡಿಬೆಂಗ್ರೆಯಲ್ಲಿ ಕಡಲನ್ನು ಸೇರುತ್ತದೆ.

ಎಷ್ಟು ಅಲ್ಪ?

ಅಳತೆಯ ಕಷ್ಟವನ್ನು ಅರಿಯಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಕೋ-ಟ್ರೈಮೊಕ್ಸಜೋಲ್ ಎಂಬ ಸಾಮಾನ್ಯ ಮಾತ್ರೆಯೊಂದರಲ್ಲಿ ೪೦೦ ಮಿಲಿಗ್ರಾಂ ಸಲ್ಫಾಮೆಥೊಕ್ಸಜೋಲ್ ಇರುತ್ತದೆ. ಒಂದು ಬಾವಿಯ ವ್ಯಾಸ ೩ ಮೀಟರ್, ನೀರಿನ ಆಳ ೪ ಮೀಟರ್ ಆಗಿದ್ದರೆ ಅದರಲ್ಲಿ ಸುಮಾರು ೨೮,೦೦೦ ಲೀಟರ್ ನೀರಿದೆ. ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿಗೆ ನ್ಯಾನೋಗ್ರಾಂ ಎಂದು ಹೆಸರು. ಮಾತ್ರೆಯಲ್ಲಿರುವುದು ೪೦ ಕೋಟಿ ನ್ಯಾನೋಗ್ರಾಂ. ಅದನ್ನು ಬಾವಿಯಲ್ಲಿ ಕರಗಿಸಿದರೆ ಲೀಟರಿಗೆ ಸುಮಾರು ೧೪,೦೦೦ ನ್ಯಾನೋಗ್ರಾಂ ಆಗುವುದು. ವಿಶ್ಲೇಷಕನು ಹುಡುಕಬೇಕಾದುದಾದರೋ ಹಲವೊಮ್ಮೆ ಲೀಟರಿಗೆ ೨೦ ನ್ಯಾನೋಗ್ರಾಮಿನಷ್ಟು ಮಾತ್ರ. ಅಂದರೆ ಒಂದು ಮಾತ್ರೆಯನ್ನು ಇಂತಹ ೭೦೦ ಬಾವಿಗಳಿಗೆ ಹಂಚಿದರೆ ಎಷ್ಟಾಗುವುದೋ ಅಷ್ಟು!

ಇಷ್ಟು ಅಲ್ಪವಾದರೆ ಚಿಂತೆಯೇಕೆ?

ವಿದ್ಯಾರ್ಥಿಗಳು ಇಲ್ಲಿ ಒಂದು ನ್ಯಾಯವಾದ ಆಕ್ಷೇಪವನ್ನು ಎತ್ತಬಹುದು. ಲೀಟರಿಗೆ ೨೦ ನ್ಯಾನೋಗ್ರಾಂ ಇರುವ ನೀರನ್ನು ದಿನಕ್ಕೆ ೨ ಲೀಟರಿನಂತೆ ಕುಡಿದರೆ ದಿನವೊಂದಕ್ಕೆ ೪೦ ನ್ಯಾನೋಗ್ರಾಂ ಹೊಟ್ಟೆಗೆ ಹೋಗುವುದು. ಒಂದು ಮಾತ್ರೆಯಷ್ಟು ಔಷಧವು ಸೇರಲು ಒಂದು ಕೋಟಿ ದಿನಗಳು, ಅಂದರೆ ೨೭,೦೦೦ ವರ್ಷಗಳಿಗೂ ಹೆಚ್ಚು ಕಾಲ, ಬೇಕು. ಹಾಗಾದರೆ ಭಯವೇಕೆ?

ಇಲ್ಲಿ ಭಯವು ಆ ಔಷಧವು ಮನುಷ್ಯನಿಗೆ ವಿಷವಾಗುವುದೆಂದಲ್ಲ. ಅದು ಬ್ಯಾಕ್ಟೀರಿಯಗಳಿಗೆ ಪಾಠ ಕಲಿಸುವುದೆಂದು. ಗುಂಡಿಯ ಕೆಸರಿನಲ್ಲಿಯೂ ಕಾಲುವೆಯಲ್ಲಿಯೂ ಕೋಟ್ಯಂತರ ಬ್ಯಾಕ್ಟೀರಿಯಗಳಿವೆ. ಅವುಗಳಲ್ಲಿ ಕೆಲವಕ್ಕೆ ಔಷಧವನ್ನು ತಡೆದುಕೊಳ್ಳುವ ಗುಣವು ಮೊದಲೇ ಇರಬಹುದು. ಕೊಲ್ಲಲು ಸಾಲದಷ್ಟು ಔಷಧವಿದ್ದರೂ ಉಳಿದವುಗಳ ಬೆಳವಣಿಗೆ ತುಸು ಕುಂಠಿತವಾಗಿ, ತಡೆಯಬಲ್ಲವು ಮುಂದೆ ಬರುವುವು. ೨೦೧೧ರಲ್ಲಿ ಸ್ವೀಡನ್ನಿನ ಸಂಶೋಧಕರು, ಲೀಟರಿಗೆ ೧೦೦ ನ್ಯಾನೋಗ್ರಾಮಿನಷ್ಟು ಸಿಪ್ರೊಫ್ಲಾಕ್ಸಸಿನ್ ಇದ್ದರೂ ಪ್ರಯೋಗಶಾಲೆಯಲ್ಲಿ ಇಂತಹ ಆಯ್ಕೆ ನಡೆಯುವುದೆಂದು ತೋರಿಸಿದರು. ೨೦೧೬ರಲ್ಲಿ ಇದೇ ಔಷಧಕ್ಕೆ ಲೀಟರಿಗೆ ೬೪ ನ್ಯಾನೋಗ್ರಾಮನ್ನು ಎಚ್ಚರಿಕೆಯ ಮಿತಿಯೆಂದು ಸೂಚಿಸಲಾಯಿತು.

ಈ ಮಿತಿಯು ತೀರ ಮೀರಿಹೋದ ಉದಾಹರಣೆಯೂ ನಮ್ಮ ದೇಶದಲ್ಲಿಯೇ ಉಂಟು. ಹೈದರಾಬಾದಿನ ಬಳಿಯ ಪಟಂಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು ಸಂಸ್ಕರಿಸಿ ಹೊರಬಿಡುವಲ್ಲಿ ಲೀಟರಿಗೆ ೩೧ ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದುದು ೨೦೦೭ರಲ್ಲಿ ಪ್ರಕಟವಾಯಿತು. ಇದು ಮೇಲೆ ಹೇಳಿದ ಮಿತಿಯ ನಾಲ್ಕು ಲಕ್ಷ ಪಟ್ಟಿಗೂ ಹೆಚ್ಚು. ಸುತ್ತಲಿನ ಹಳ್ಳಿಗಳ ಬಾವಿಗಳಲ್ಲಿಯೂ ಔಷಧಗಳು ಕಂಡುಬಂದುದನ್ನು ೨೦೦೯ರ ಅಧ್ಯಯನವು ತಿಳಿಸಿತು. ೨೦೧೯ರ ಒಂದೇ ವರ್ಷದಲ್ಲಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳ ನೇರ ಕಾರಣದಿಂದ ಲೋಕದಲ್ಲಿ ಸುಮಾರು ೧೨.೭ ಲಕ್ಷ ಜನರು ಮಡಿದರೆಂದು ಅಂದಾಜು ಮಾಡಲಾಗಿದೆ. ಆದ್ದರಿಂದ ಅಲ್ಪವನ್ನು ಅಳೆಯುವುದು ಅಲ್ಪವಾದ ಕೆಲಸವಲ್ಲ.

ಬಣ್ಣದಿಂದ ಹುಟ್ಟಿದ ವಿದ್ಯೆ

ಬಾವಿಯ ನೀರಿನಲ್ಲಿ ಔಷಧವೊಂದೇ ಇರುವುದಿಲ್ಲ. ಕೊಳೆತ ಎಲೆಯ ಸಾರ, ಲವಣಗಳು, ಸಾಬೂನಿನ ಶೇಷ, ಹೀಗೆ ನೂರಾರು ವಸ್ತುಗಳು ಬೆರೆತಿರುವುವು. ಅಳೆಯುವ ಮೊದಲು ಬೇರ್ಪಡಿಸಬೇಕು. ಬೇರ್ಪಡಿಸುವ ಈ ವಿದ್ಯೆಗೆ ಕ್ರೊಮೆಟೋಗ್ರಫಿ, ಅಂದರೆ ವರ್ಣಲೇಖನ, ಎಂದು ಹೆಸರು.

ಮಿಖಾಯಿಲ್ ಟ್ಸ್ವೆಟ್ ಎಂಬ ಸಸ್ಯವಿಜ್ಞಾನಿಯು ಇಪ್ಪತ್ತನೆಯ ಶತಮಾನದ ಮೊದಲಲ್ಲಿ, ಗಾಜಿನ ಕೊಳವೆಯೊಂದರಲ್ಲಿ ಸೀಮೆಸುಣ್ಣದಂತಹ ಪುಡಿಯನ್ನು ತುಂಬಿ ಅದರ ಮೇಲೆ ಎಲೆಯ ಸಾರವನ್ನು ಸುರಿದನು. ಬಳಿಕ ದ್ರಾವಕವನ್ನು ಹರಿಯಬಿಟ್ಟನು. ಒಂದೇ ಹಸುರಾಗಿ ಕಾಣುತ್ತಿದ್ದ ಸಾರವು ಹಸುರು, ಹಳದಿ ಪಟ್ಟಿಗಳಾಗಿ ಒಡೆದು ನಿಂತಿತು. ೧೯೦೬ರಲ್ಲಿ ಅವನು ಈ ಕ್ರಮಕ್ಕೆ ಕ್ರೊಮೆಟೋಗ್ರಫಿ ಎಂಬ ಹೆಸರಿಟ್ಟನು. ಇದರ ಇನ್ನೊಂದು ಬಗೆಯನ್ನು ರೂಪಿಸಿದ ಮಾರ್ಟಿನ್ ಮತ್ತು ಸಿಂಜ್ ಎಂಬವರಿಗೆ ೧೯೫೨ರ ನೊಬೆಲ್ ಪಾರಿತೋಷಕವು ದೊರೆಯಿತು.

ಇದರ ತತ್ವವನ್ನು ತಿಳಿಯಲು ಕೋಟೇಶ್ವರದ ಕೊಡಿಹಬ್ಬವನ್ನು ನೆನೆದುಕೊಳ್ಳಿರಿ. ರಥಬೀದಿಯ ಇಕ್ಕೆಲಗಳಲ್ಲಿಯೂ ಅಂಗಡಿಗಳು. ಒಂದೇ ಗಳಿಗೆಯಲ್ಲಿ ಬೀದಿಯನ್ನು ಹೊಕ್ಕ ಗುಂಪಿನಲ್ಲಿ ದೇವರ ದರ್ಶನಕ್ಕೆಂದು ಹೊರಟ ಅಜ್ಜ ಎಲ್ಲಿಯೂ ನಿಲ್ಲದೆ ಮುಂದೆ ಸಾಗುವನು. ಬಳೆಯಂಗಡಿಯಲ್ಲಿ ನಿಲ್ಲುವವರು ಹಿಂದೆ ಬೀಳುವರು. ಆಟಿಕೆಯ ಪ್ರತಿಯೊಂದು ಅಂಗಡಿಯಲ್ಲಿಯೂ ತಂಗುವ ಮಕ್ಕಳು ಎಲ್ಲರಿಗಿಂತ ಕೊನೆಗೆ ಬರುವರು. ನೂಕುವ ಜನಪ್ರವಾಹವು ಎಲ್ಲರಿಗೂ ಒಂದೇ. ಅಂಗಡಿಗಳ ಆಕರ್ಷಣೆ ಮಾತ್ರ ಬೇರೆ ಬೇರೆ. ಕ್ರೊಮೆಟೋಗ್ರಫಿಯಲ್ಲಿ ಹರಿಯುವ ದ್ರವವೇ ಜನಪ್ರವಾಹ, ಕೊಳವೆಯಲ್ಲಿ ತುಂಬಿದ ಪುಡಿಯೇ ಅಂಗಡಿಗಳ ಸಾಲು. ಒಂದು ವಸ್ತುವು ಕೊಳವೆಯನ್ನು ದಾಟಲು ಹಿಡಿಯುವ ಸಮಯವನ್ನು ತಂಗುವಿಕೆಯ ಕಾಲವೆನ್ನುವರು. ಪರಿಸ್ಥಿತಿಗಳು ಬದಲಾಗದಿದ್ದರೆ ಒಂದು ವಸ್ತುವಿಗೆ ಅದು ಸ್ಥಿರವಾದುದು.

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಸೋಸುಕಾಗದದ ಉದ್ದನೆಯ ಪಟ್ಟಿಯೊಂದನ್ನು ಕತ್ತರಿಸಿ, ಕೆಳತುದಿಯಿಂದ ೨ ಸೆಂಟಿಮೀಟರ್ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಒಂದು ಚುಕ್ಕೆಯನ್ನಿಡಿ. ಚುಕ್ಕೆ ಮುಳುಗದಂತೆ ಪಟ್ಟಿಯ ತುದಿಯನ್ನು ಲೋಟದ ನೀರಿನಲ್ಲಿ ನಿಲ್ಲಿಸಿರಿ. ನೀರು ಏರಿದಂತೆ ಕಪ್ಪು ಒಡೆದು ಹಲವು ಬಣ್ಣಗಳಾಗುವುದನ್ನು ಕಾಣುವಿರಿ. ಚುಕ್ಕೆಯಿಂದ ನೀರು ೧೦ ಸೆಂಟಿಮೀಟರ್ ಏರಿದಾಗ ನೀಲಿ ೮ ಸೆಂಟಿಮೀಟರ್ ಏರಿದ್ದರೆ, ಆ ನೀಲಿಯ ಸಾಪೇಕ್ಷ ಚಲನೆ ೦.೮. ಟ್ಸ್ವೆಟನು ಕಂಡುದೂ ಮೂಲತಃ ಇದನ್ನೇ.

ಬಾವಿಯಿಂದ ಯಂತ್ರದವರೆಗೆ

ಅಳತೆಯ ಅರ್ಧ ಭಾಗ್ಯವು ಬಾವಿಕಟ್ಟೆಯಲ್ಲಿಯೇ ನಿರ್ಧಾರವಾಗುವುದು. ಕೆಲವು ಔಷಧಗಳು ಬೆಳಕಿಗೆ ಕೆಡುವುದರಿಂದ ನೀರನ್ನು ಕಂದುಬಣ್ಣದ ಗಾಜಿನ ಸೀಸೆಯಲ್ಲಿ ಹಿಡಿಯಬೇಕು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ, ಕ್ಲೋರಿನ್ನು ದಾರಿಯಲ್ಲಿಯೇ ಔಷಧವನ್ನು ಕೆಡಿಸದಂತೆ ತುಸು ಸೋಡಿಯಂ ಥಯೋಸಲ್ಫೇಟನ್ನು ಬೆರೆಸಬೇಕು. ಸೀಸೆಯನ್ನು ಮಂಜುಗಡ್ಡೆಯಲ್ಲಿಟ್ಟು ಬೇಗನೆ ಪ್ರಯೋಗಶಾಲೆಗೆ ಒಯ್ಯಬೇಕು. ಔಷಧವಿಲ್ಲದ ಶುದ್ಧಜಲದ ಸೀಸೆಯೊಂದನ್ನೂ ಜತೆಗೆ ಕೊಂಡೊಯ್ದು, ಎಲ್ಲ ಹಂತಗಳಲ್ಲಿಯೂ ಅದನ್ನು ಹಾಗೆಯೇ ನಡೆಸಿಕೊಳ್ಳಬೇಕು. ಅದರಲ್ಲಿಯೂ ಔಷಧವು ಕಂಡುಬಂದರೆ, ದೋಷವು ಬಾವಿಯದಲ್ಲ, ನಮ್ಮ ಕೈಯದು.

ಪ್ರಯೋಗಶಾಲೆಯಲ್ಲಿ ಒಂದು ಲೀಟರ್ ನೀರನ್ನು ಸೋಸಿ, ತುಸು ಆಮ್ಲವನ್ನು ಸೇರಿಸುವರು. ಮುರಕಲ್ಲಿನ ನಾಡಿನ ನೀರಿನಲ್ಲಿ ಕಬ್ಬಿಣದ ಅಂಶವಿರುವುದುಂಟು. ಟೆಟ್ರಾಸೈಕ್ಲಿನ್ ಮುಂತಾದವು ಲೋಹಗಳನ್ನು ಬಲವಾಗಿ ಹಿಡಿದುಕೊಳ್ಳುತ್ತವೆ. ಇದನ್ನು ಬಿಡಿಸಲು ಇ.ಡಿ.ಟಿ.ಎ. ಎಂಬ ವಸ್ತುವನ್ನು ಹಾಕಿದರೆ ಅದು ತಾನೇ ಲೋಹವನ್ನು ಹಿಡಿದುಕೊಂಡು ಔಷಧವನ್ನು ಬಿಡುಗಡೆ ಮಾಡುವುದು. ಅನಂತರ ನೀರನ್ನು ವಿಶೇಷ ಪುಡಿ ತುಂಬಿದ ಚಿಕ್ಕ ನಳಿಕೆಯ ಮೂಲಕ ನಿಧಾನವಾಗಿ ಹಾಯಿಸುವರು. ಔಷಧವು ಪುಡಿಗೆ ಅಂಟಿಕೊಂಡು ನೀರು ಹೊರಟುಹೋಗುವುದು. ಅಂಟಿದುದನ್ನು ಸ್ವಲ್ಪ ಮೆಥನಾಲಿನಿಂದ ತೊಳೆದು, ನೈಟ್ರೊಜನ್ ಅನಿಲವನ್ನು ಊದಿ ಒಣಗಿಸಿ, ಒಂದು ಮಿಲಿಲೀಟರ್ ದ್ರಾವಣವಾಗಿ ಮಾಡುವರು. ಲೀಟರಿನಲ್ಲಿದ್ದುದು ಮಿಲಿಲೀಟರಿಗೆ ಬಂದುದರಿಂದ ಸಾಂದ್ರತೆಯು ಸಾವಿರ ಪಟ್ಟು ಹೆಚ್ಚಿತು.

ಇದರ ಒಂದು ಹನಿಗಿಂತಲೂ ಕಡಿಮೆ ಪಾಲನ್ನು ಗೇಣಿಗಿಂತಲೂ ಚಿಕ್ಕದಾದ ಉಕ್ಕಿನ ಕೊಳವೆಯೊಳಗೆ ನೂಕುವರು. ಅದರೊಳಗಿನ ಕಣಗಳ ಗಾತ್ರ ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು ಮಾತ್ರ. ಆದುದರಿಂದ ದ್ರವವನ್ನು ಭಾರಿ ಒತ್ತಡದಿಂದ ನೂಕಬೇಕಾಗುವುದು. ಒಂದೊಂದು ಔಷಧವೂ ತನ್ನ ತನ್ನ ಕಾಲಕ್ಕೆ ಹೊರಬರುತ್ತದೆ.

ತೂಕವೆಂಬ ಸಾಕ್ಷಿ

ಒಂದೇ ಗಳಿಗೆಯಲ್ಲಿ ಎರಡು ವಸ್ತುಗಳು ಹೊರಬರುವುದೂ ಸಾಧ್ಯ. ಆದ್ದರಿಂದ ಕಾಲವೊಂದೇ ಸಾಕ್ಷಿಯಾದರೆ ಸಾಲದು. ಕೊಳವೆಯ ತುದಿಯಿಂದ ಬಂದ ದ್ರವವನ್ನು ವಿದ್ಯುತ್ತಿನ ಸಹಾಯದಿಂದ ಸೂಕ್ಷ್ಮ ತುಂತುರಾಗಿ ಸಿಂಪಡಿಸಿದರೆ ಅಣುಗಳು ವಿದ್ಯುದಾವೇಶವನ್ನು ಹೊತ್ತುಕೊಳ್ಳುವುವು. ಈ ಕ್ರಮವನ್ನು ದೊಡ್ಡ ಅಣುಗಳಿಗೆ ಅನ್ವಯಿಸಿದ ಜಾನ್ ಫೆನ್ನನು ೨೦೦೨ರಲ್ಲಿ ನೊಬೆಲ್ ಪಾರಿತೋಷಕದ ಪಾಲನ್ನು ಪಡೆದನು. ಬಳಿಕ ರಾಶಿ ರೋಹಿತಮಾಪಕವು ಅಣುಗಳನ್ನು ತೂಕದ ಪ್ರಕಾರ ವಿಂಗಡಿಸುವುದು.

ಸಲ್ಫಾಮೆಥೊಕ್ಸಜೋಲಿನ ಅಣುರಾಶಿ ೨೫೩. ಅದು ಒಂದು ಪ್ರೋಟಾನನ್ನು ಹೊತ್ತು ೨೫೪ ಆಗುವುದು. ಯಂತ್ರದ ಮೊದಲನೆಯ ದ್ವಾರವು ೨೫೪ನ್ನು ಮಾತ್ರ ಒಳಗೆ ಬಿಡುತ್ತದೆ. ಒಳಗೆ ಅದು ಅನಿಲದ ಕಣಗಳಿಗೆ ಬಡಿದು ಒಡೆದಾಗ ೧೫೬ ಮತ್ತು ೧೦೮ ರಾಶಿಯ ಚೂರುಗಳು ಹುಟ್ಟುವುವು. ಎರಡನೆಯ ದ್ವಾರವು ಈ ಚೂರುಗಳನ್ನು ಗುರುತಿಸುತ್ತದೆ. ಸರಿಯಾದ ಕಾಲ, ಸರಿಯಾದ ಅಣುರಾಶಿ, ಸರಿಯಾದ ಎರಡು ಚೂರುಗಳು, ಆ ಚೂರುಗಳ ನಡುವೆ ಸರಿಯಾದ ಪ್ರಮಾಣ: ಇಷ್ಟೂ ಕೂಡಿದಾಗಲೇ ವಿಶ್ಲೇಷಕನು ಔಷಧವಿದೆಯೆಂದು ಹೇಳುವನು.

ಗೆರೆ ಎಳೆಯುವ ಗಣಿತ

ಯಂತ್ರವು ಕೊಡುವುದು ನ್ಯಾನೋಗ್ರಾಮುಗಳನ್ನಲ್ಲ, ಒಂದು ಶಿಖರದ ವಿಸ್ತೀರ್ಣವನ್ನು. ಅದನ್ನು ಪ್ರಮಾಣವಾಗಿ ಬದಲಿಸುವುದು ಗಣಿತದ ಕೆಲಸ. ಇಲ್ಲಿ ಒಂದು ಜಾಣ ಉಪಾಯವಿದೆ. ಆರು ಕಾರ್ಬನ್ ಪರಮಾಣುಗಳನ್ನು ೧೨ರ ಬದಲು ೧೩ರ ರಾಶಿಯವಾಗಿ ಮಾಡಿದ ಸಲ್ಫಾಮೆಥೊಕ್ಸಜೋಲನ್ನು ತಯಾರಿಸುವರು. ರಾಸಾಯನಿಕ ವರ್ತನೆಯಲ್ಲಿ ಅದು ಸಾಮಾನ್ಯ ಔಷಧದ ಅವಳಿ; ಯಂತ್ರಕ್ಕೆ ಮಾತ್ರ ೨೬೦ ಆಗಿ ಬೇರೆಯಾಗಿ ಕಾಣುವುದು. ನೀರನ್ನು ನಳಿಕೆಗೆ ಹಾಯಿಸುವ ಮೊದಲೇ ಇದರ ೫೦ ನ್ಯಾನೋಗ್ರಾಮನ್ನು ಬೆರೆಸುವರು. ದಾರಿಯಲ್ಲಿ ನೂರಕ್ಕೆ ೨೦ರಷ್ಟು ನಷ್ಟವಾದರೆ ಎರಡೂ ಅದೇ ಪ್ರಮಾಣದಲ್ಲಿ ನಷ್ಟವಾಗುವುವು. ಆದುದರಿಂದ ಎರಡರ ವಿಸ್ತೀರ್ಣಗಳ ಅನುಪಾತವು ಬದಲಾಗದು.

ಇನ್ನು ಪ್ರಮಾಣ ತಿಳಿದಿರುವ ಐದು ದ್ರಾವಣಗಳನ್ನು, ಒಂದೊಂದರಲ್ಲಿಯೂ ಅವಳಿಯ ೫೦ ನ್ಯಾನೋಗ್ರಾಮನ್ನು ಬೆರೆಸಿ, ಅಳೆದೆವೆನ್ನೋಣ. ಮಿಲಿಲೀಟರಿಗೆ ೧೦, ೨೦, ೩೦, ೪೦, ೫೦ ನ್ಯಾನೋಗ್ರಾಂ ಇದ್ದಾಗ ಅನುಪಾತಗಳು ಕ್ರಮವಾಗಿ ೦.೨೧, ೦.೩೯, ೦.೬೨, ೦.೮೦, ೦.೯೮ ಎಂದಿಟ್ಟುಕೊಳ್ಳಿ. ಈ ಬಿಂದುಗಳನ್ನು ಚೌಕುಳಿಕಾಗದದ ಮೇಲೆ ಗುರುತಿಸಿದರೆ ಅವು ಬಹುಮಟ್ಟಿಗೆ ಒಂದೇ ಗೆರೆಯಲ್ಲಿ ನಿಲ್ಲುವುವು, ಪೂರ್ತಿಯಾಗಿ ಅಲ್ಲ. ಎಲ್ಲ ಬಿಂದುಗಳಿಗೂ ಒಪ್ಪುವ ಗೆರೆಯನ್ನು ಕನಿಷ್ಠ ವರ್ಗಗಳ ವಿಧಾನದಿಂದ ಕಂಡುಹಿಡಿಯಬೇಕು.

ಪ್ರಮಾಣಗಳ ಸರಾಸರಿ ೩೦. ಅನುಪಾತಗಳ ಸರಾಸರಿ ೦.೬೦. ಪ್ರತಿಯೊಂದು ಬಿಂದುವಿಗೂ ಸರಾಸರಿಯಿಂದ ಇರುವ ಎರಡು ವ್ಯತ್ಯಾಸಗಳನ್ನು ಗುಣಿಸಿ ಕೂಡಿದರೆ ೧೯.೫ ಬರುವುದು. ಪ್ರಮಾಣಗಳ ವ್ಯತ್ಯಾಸಗಳ ವರ್ಗಗಳ ಮೊತ್ತ ೧,೦೦೦. ಭಾಗಿಸಿದರೆ ಗೆರೆಯ ಓಟ ೦.೦೧೯೫. ಗೆರೆಯು ಅನುಪಾತದ ಅಕ್ಷವನ್ನು ಸಂಧಿಸುವುದು ೦.೬೦ − (೦.೦೧೯೫ × ೩೦) = ೦.೦೧೫ರಲ್ಲಿ. ಬಾವಿಯ ನೀರಿನ ಅನುಪಾತವು ೦.೪೦೫ ಬಂದರೆ, (೦.೪೦೫ − ೦.೦೧೫) ÷ ೦.೦೧೯೫ = ೨೦. ಒಂದು ಲೀಟರನ್ನು ಒಂದು ಮಿಲಿಲೀಟರಾಗಿ ಮಾಡಿದ್ದರಿಂದ ಬಾವಿಯಲ್ಲಿದ್ದುದು ಲೀಟರಿಗೆ ೨೦ ನ್ಯಾನೋಗ್ರಾಂ.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಬಿಂದುಗಳು ಗೆರೆಯಿಂದ ಸರಿದಿರುವ ಪ್ರಮಾಣವು ನಮ್ಮ ಅಳತೆಯ ಅನಿಶ್ಚಿತತೆಯನ್ನು ಹೇಳುತ್ತದೆ. ಮೇಲಿನ ಉದಾಹರಣೆಯಲ್ಲಿ ಈ ಸರಿತದ ಮಾನಕ ವಿಚಲನೆ ಸುಮಾರು ೦.೦೧೬. ಅದರ ೩.೩ ಪಟ್ಟನ್ನು ಓಟದಿಂದ ಭಾಗಿಸಿದರೆ ಸುಮಾರು ೨.೭ ಬರುವುದು. ಲೀಟರಿಗೆ ೨.೭ ನ್ಯಾನೋಗ್ರಾಮಿಗಿಂತ ಕಡಿಮೆಯಿರುವ ಔಷಧವನ್ನು ಈ ಕ್ರಮದಿಂದ ಕಾಣಲಾಗದು. ಇದಕ್ಕೆ ಪತ್ತೆಯ ಮಿತಿ ಎನ್ನುವರು. 'ಕಾಣಲಿಲ್ಲ' ಎಂಬುದೂ 'ಇಲ್ಲ' ಎಂಬುದೂ ಬೇರೆ ಬೇರೆ ಮಾತುಗಳೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಒಂದು ಬಾವಿಯಿಂದ ಒಂದು ಊರಿಗೆ

ಸಾಸ್ತಾನ, ಐರೋಡಿ, ಗುಂಡ್ಮಿ, ಪಾಂಡೇಶ್ವರಗಳಲ್ಲಿ ೩೦ ಬಾವಿಗಳನ್ನು ಆರಿಸಿ, ವೈಶಾಖದಲ್ಲಿ ಒಮ್ಮೆ, ಆಷಾಢದಲ್ಲಿ ಒಮ್ಮೆ ನೀರನ್ನು ಪರೀಕ್ಷಿಸುವ ಯೋಜನೆಯನ್ನು ಕಲ್ಪಿಸಿಕೊಳ್ಳೋಣ. ಪ್ರತಿಯೊಂದು ಬಾವಿಗೂ ಗುಂಡಿಯಿಂದ ಇರುವ ದೂರ, ನೀರಿನ ಮಟ್ಟ, ಮಣ್ಣಿನ ಬಗೆ, ನೈಟ್ರೇಟ್, ಉಪ್ಪಿನಂಶ, ಹಟ್ಟಿಯ ಸಾಮೀಪ್ಯ ಇವನ್ನು ಬರೆದಿಡಬೇಕು. ಒಂದು ಬಾವಿಗೆ ಗೆರೆ ಎಳೆದಂತೆಯೇ, ಈ ಅಂಶಗಳೊಡನೆ ಔಷಧದ ಪ್ರಮಾಣವು ಹೇಗೆ ಬದಲಾಗುವುದೆಂದು ತೋರಿಸುವ ಸಮೀಕರಣವನ್ನು ಕಟ್ಟಬಹುದು. ಇದಕ್ಕೇ ದತ್ತಾಂಶದ ಮಾದರಿ ಎಂದು ಹೆಸರು.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ೧೮ ಬಾವಿಗಳಲ್ಲಿ ಔಷಧವು ಪತ್ತೆಯ ಮಿತಿಗಿಂತ ಕೆಳಗಿದ್ದರೆ ಅಲ್ಲಿ ಸೊನ್ನೆಯನ್ನು ಬರೆಯಬಾರದು. ಬರೆದರೆ ಸರಾಸರಿಯು ಸುಳ್ಳಾಗಿ ತಗ್ಗುವುದು. ಮಿತಿಯನ್ನೇ ಬರೆದರೆ ಸುಳ್ಳಾಗಿ ಏರುವುದು. 'ಸೊನ್ನೆಗೂ ೨.೭ಕ್ಕೂ ನಡುವೆ' ಎಂದೇ ಇಟ್ಟುಕೊಂಡು ಲೆಕ್ಕ ಹಾಕುವ ಸಂಖ್ಯಾಶಾಸ್ತ್ರದ ವಿಧಾನಗಳಿವೆ. ಎರಡನೆಯದಾಗಿ, ೩೦ ಬಾವಿಗಳಿಗೆ ೨೦ ಅಂಶಗಳ ಸಮೀಕರಣವನ್ನು ಕಟ್ಟಿದರೆ ಅದು ಆ ೩೦ ಬಾವಿಗಳಿಗೆ ಸೊಗಸಾಗಿ ಒಪ್ಪಿ, ಮೂವತ್ತೊಂದನೆಯ ಬಾವಿಯಲ್ಲಿ ಸೋಲುವುದು. ಆದುದರಿಂದ ೬ ಬಾವಿಗಳನ್ನು ಬದಿಗಿಟ್ಟು, ಉಳಿದ ೨೪ರಿಂದ ಮಾದರಿಯನ್ನು ಕಟ್ಟಿ, ಬದಿಗಿಟ್ಟವುಗಳ ಮೇಲೆ ಅದನ್ನು ಪರೀಕ್ಷಿಸಬೇಕು.

ಮೂರನೆಯದಾಗಿ, ಮೂಲವನ್ನು ಹೇಳುವಾಗ ಅವಸರ ಸಲ್ಲದು. ಔಷಧದೊಡನೆ ಕಾಫಿಯಲ್ಲಿರುವ ಕೆಫೀನ್ ಕೂಡ ನೀರಿನಲ್ಲಿದ್ದರೆ ಅದು ಮನೆಯ ಕೊಳಚೆಯ ಗುರುತು. ಆದರೆ ಸಿಪ್ರೊಫ್ಲಾಕ್ಸಸಿನ್ ಮಾತ್ರ ಕಂಡರೆ ಮನುಷ್ಯರೇ ಕಾರಣರೆನ್ನುವಂತಿಲ್ಲ. ಪ್ರಾಣಿಗಳಿಗೆ ಕೊಡುವ ಎನ್ರೊಫ್ಲಾಕ್ಸಸಿನ್ ಶರೀರದಲ್ಲಿ ಭಾಗಶಃ ಸಿಪ್ರೊಫ್ಲಾಕ್ಸಸಿನ್ ಆಗಿಯೇ ಮಾರ್ಪಡುತ್ತದೆ. ನೆರೆಮನೆಯ ಗುಂಡಿಯ ಮೇಲೆಯೋ ಹಟ್ಟಿಯ ಮೇಲೆಯೋ ತಪ್ಪನ್ನು ಹೊರಿಸುವ ಮೊದಲು ಎರಡನ್ನೂ ಅಳೆದು ನೋಡಬೇಕು. ಊರಿನ ನೆಮ್ಮದಿಗೆ ಸಂಬಂಧಿಸಿದ ವಿಷಯದಲ್ಲಿ ಅರ್ಧ ಅಳತೆಯು ಅಳತೆಯಿಲ್ಲದುದಕ್ಕಿಂತಲೂ ಕೆಟ್ಟದು.

ನಾವು ಮಾಡಬೇಕಾದುದು

ನೀರನ್ನು ಕುದಿಸುವುದರಿಂದ ಬ್ಯಾಕ್ಟೀರಿಯಗಳು ಸಾಯುವುವು. ಆದುದರಿಂದ ಕುದಿಸಿ ಕುಡಿಯುವ ಅಭ್ಯಾಸವನ್ನು ಬಿಡಬಾರದು. ಆದರೆ ಕುದಿಸುವುದರಿಂದಲೇ ಈ ಔಷಧಗಳು ಹೋಗುವುವೆಂದು ನಂಬುವಂತಿಲ್ಲ. ಅವನ್ನು ತಗ್ಗಿಸಲು ಕ್ರಿಯಾಶೀಲ ಇದ್ದಿಲಿನಂತಹ ಸಾಧನಗಳು ಬೇಕು. ಎಲ್ಲಕ್ಕಿಂತ ಸುಲಭವಾದುದು ಔಷಧವು ನೀರನ್ನು ಸೇರದಂತೆ ನೋಡಿಕೊಳ್ಳುವುದು. ವೈದ್ಯರು ಹೇಳದೆ ಪ್ರತಿಜೈವಿಕವನ್ನು ನುಂಗದಿರುವುದು, ಹೇಳಿದಷ್ಟು ದಿನ ತಪ್ಪದೆ ನುಂಗುವುದು, ಉಳಿದ ಮಾತ್ರೆಯನ್ನು ಬಚ್ಚಲಿಗೂ ಗುಂಡಿಗೂ ಎಸೆಯದಿರುವುದು, ಬಾವಿಗೂ ಇಂಗುಗುಂಡಿಗೂ ನಡುವೆ ಸಾಧ್ಯವಾದಷ್ಟು ಅಂತರವನ್ನು ಬಿಡುವುದು: ಇವು ಪ್ರತಿ ಮನೆಯವರೂ ಮಾಡಬಹುದಾದ ಕೆಲಸಗಳು. ೧೯೪೫ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಫ್ಲೆಮಿಂಗನೇ, ಸಾಲದಷ್ಟು ಪ್ರಮಾಣದ ಔಷಧವು ಸೂಕ್ಷ್ಮಜೀವಿಗಳನ್ನು ಕೊಲ್ಲದೆ ಗಟ್ಟಿಗೊಳಿಸುವ ಅಪಾಯವನ್ನು ಎತ್ತಿಹೇಳಿದ್ದನು. ಅವನು ಹೇಳಿದುದು ರೋಗಿಯ ಶರೀರವನ್ನು ಕುರಿತು. ಅದೇ ಮಾತು ಇಂದು ನಮ್ಮ ನೀರಿಗೂ ಸಲ್ಲುತ್ತದೆ.

ಅಭ್ಯಾಸ

೧. ಮೇಲಿನ ಗೆರೆಯನ್ನು ಬಳಸಿ, ಅನುಪಾತವು ೦.೬೦ ಬಂದ ಬಾವಿಯಲ್ಲಿ ಲೀಟರಿಗೆ ಎಷ್ಟು ನ್ಯಾನೋಗ್ರಾಂ ಔಷಧವಿದೆಯೆಂದು ಕಂಡುಹಿಡಿಯಿರಿ. (ಉತ್ತರ: ೩೦)

೨. ನಿಮ್ಮ ಮನೆಯ ಬಾವಿಯ ವ್ಯಾಸವನ್ನೂ ನೀರಿನ ಆಳವನ್ನೂ ಹಿರಿಯರ ಜತೆಯಲ್ಲಿ ಅಳೆದು, ಅದರಲ್ಲಿ ಎಷ್ಟು ಲೀಟರ್ ನೀರಿದೆಯೆಂದೂ, ೪೦೦ ಮಿಲಿಗ್ರಾಂ ಔಷಧವು ಕರಗಿದರೆ ಲೀಟರಿಗೆ ಎಷ್ಟಾಗುವುದೆಂದೂ ಲೆಕ್ಕ ಹಾಕಿರಿ. ವೈಶಾಖದಲ್ಲಿ ಒಮ್ಮೆ, ಆಷಾಢದಲ್ಲಿ ಒಮ್ಮೆ ಮಾಡಿ ಹೋಲಿಸಿರಿ.

೩. ಎರಡು ಬಾವಿಗಳ ವರದಿಯಲ್ಲಿಯೂ 'ಕಾಣಲಿಲ್ಲ' ಎಂದು ಬರೆದಿದೆ. ಒಂದರ ಪತ್ತೆಯ ಮಿತಿ ೨.೭ ನ್ಯಾನೋಗ್ರಾಂ, ಇನ್ನೊಂದರದು ೨೦೦ ನ್ಯಾನೋಗ್ರಾಂ. ಯಾವ ವರದಿಯನ್ನು ಹೆಚ್ಚು ನೆಚ್ಚಬಹುದು? ಕಾರಣವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.